ಅಮೃತವ್ವ ಸಹಿ ಹಾಕಲಿಲ್ಲ

ನಮ್ಮ ಬೆಟಗೇರಿಯ ಓಣಿಯಲ್ಲಿ ಅಮೃತವ್ವನಿಗೆ ಎದುರು ಮಾತಾಡಿ ಗೆದ್ದವರಿಲ್ಲ. ನಾನಂತೂ ಆ ಹುಚ್ಚು ಸಾಹಸ ಬಿಟ್ಟು ಎಷ್ಟೋ ವರ್ಷವಾಯಿತು. ಅವಳು ಹದಿನಾರಕ್ಕೆ ಸೊರಟೂರಿನ ಒಕ್ಕಲುತನದ ಮನೆಯಿಂದ ನೇಕಾರರ ಮನೆಗೆ ಸೊಸೆಯಾಗಿ ಬಂದವಳು. ಕಳೆ ಕೀಳುವುದು ಗೊತ್ತಿತ್ತು, ಲಾಳಿ ಹಿಡಿಯುವುದು ಗೊತ್ತಿರಲಿಲ್ಲ. ಮೊದಲ ಸೀರೆಯ ಅಂಚು ಸೊಟ್ಟಗೆ ಬಂದಾಗ ಅತ್ತೆ, "ಹೊರಗಿನಾಕಿಗೆ ಮಗ್ಗ ಒಲಿಯಂಗಿಲ್ಲ" ಅಂದಳಂತೆ. ಆ ಸಿಟ್ಟಿಗೇ ಕಲಿತಳು. ಐವತ್ತು ವರ್ಷದಲ್ಲಿ ಓಣಿಯ ಅರ್ಧ ಹೆಣ್ಣುಮಕ್ಕಳಿಗೆ ನೇಯ್ಗೆ ಕಲಿಸಿದವಳೂ ಅವಳೇ. ಆದರೂ ಜನ ಕರೆಯುವುದು ಇವತ್ತಿಗೂ ಸೊರಟೂರ ಅಮೃತವ್ವ ಎಂದೇ.

ಹೋದ ವರ್ಷ ನನ್ನ ಹಿತ್ತಲ ಖೋಲಿ ಖಾಲಿ ಇತ್ತು. ನೆಲಕ್ಕೆ ಫರಸಿ ಕಲ್ಲು ಹಾಕುವ ಕೆಲಸಕ್ಕೆ ಬಿಹಾರದಿಂದ ಬಂದ ಗಂಡನ ಜೊತೆ ಶೀತಲ್ ಎಂಬ ಹುಡುಗಿ ಬಂದು ಅದನ್ನು ಬಾಡಿಗೆಗೆ ಕೇಳಿದಳು. ಎಂಟು ತಿಂಗಳ ಬಸುರಿ. ಬಾಗಿಲಿಲ್ಲದ ಅರೆಕಟ್ಟಿದ ಮನೆಯಲ್ಲಿ ಮಲಗುತ್ತಿದ್ದಳು. ನಾನು ಹೂಂ ಅನ್ನುವಷ್ಟರಲ್ಲಿ ಎದುರುಮನೆಯ ಹೊನ್ನೇಶ ಬುಸುಗುಟ್ಟುತ್ತ ಬಂದ. "ವಲಸಿ ಬಂದವ್ರಿಗೆ ಜಾಗ ಕೊಟ್ರ ಓಣಿ ಕೆಡತೈತಿ" ಎಂದು ಕಾಗದ ಬರೆದು ಎಲ್ಲರಿಂದ ಸಹಿ ಹಾಕಿಸತೊಡಗಿದ. ನಾನೂ ಹಾಕಿದೆ. ಹೌದ್ರಿ, ಖೋಲಿಯ ಮಾಲೀಕ ನಾನೇ ಹಾಕಿದೆ. ನನ್ನಂಥ ಪುಕ್ಕಲ ಇನ್ನೊಬ್ಬನಿಲ್ಲ.

ಕೊನೆಗೆ ಹೊನ್ನೇಶ ನನ್ನನ್ನೂ ಕರಕೊಂಡು ಕಾಗದವನ್ನು ಅಮೃತವ್ವನ ಮಗ್ಗದ ಮುಂದೆ ತಂದ. "ಯಾರ್ಯಾರು ಹಾಕ್ಯಾರ, ಓದಲೇ ಕಳಕೇಶಾ" ಎಂದು ನನಗೇ ಹೇಳಿದಳು.

ಓದಿದೆ. ಹೊನ್ನೇಶ ಶಿರಹಟ್ಟಿ. ಲಾಡಸಾಬ ಲಕ್ಷ್ಮೇಶ್ವರ. ಲೋಹಿತ ಹರ್ತಿ. ಕಳಕೇಶ ಮುಂಡರಗಿ.

"ಅಯ್ಯ ಶಿವನ! ಇದೇನು ಸಹಿನೋ, ಬಸ್ ಸ್ಟ್ಯಾಂಡಿನ ಬೋರ್ಡೋ? ಮುಂಡರಗ್ಯಾಗ ಇದ್ದವ್ರಿಗೆ ಮುಂಡರಗಿ ಅಂತ ಅಡ್ಡಹೆಸರು ಯಾಕ ಬೇಕಲೇ? ಊರು ಬಿಟ್ಟು ಬಂದವ್ರಿಗೇ ಅದು ಹತ್ತೂದು. ತಮ್ಮ ಎಲಿಯಾಗ ಹೆಗ್ಗಣ ಬಿದ್ದೈತಿ, ಮಂದಿ ಎಲಿಯಾಗಿನ ನೊಣ ಹೊಡ್ಯಾಕ ಹೊಂಟೀರಿ!"

ನಾನು ಕಾಗದ ಮಡಚಿ ಕೆಳಗಿಟ್ಟೆ. ಹೊನ್ನೇಶ ಮಾತ್ರ ಸೋಲಲಿಲ್ಲ. "ಬಂದಾಂವ ನಮ್ಮ ಮುತ್ಯಾ. ನಾ ಇಲ್ಲೇ ಹುಟ್ಟಿದಾಂವ, ಯವ್ವಾ."

"ಆತು. ಆಕಿ ಕೂಸೂ ಮುಂದಿನ ತಿಂಗಳ ಇಲ್ಲೇ ಹುಟ್ಟತೈತಿ. ಆಕಿ ಬಾಣಂತನ ಬಾಗಲಾ ಇದ್ದ ಮನ್ಯಾಗ ಆಗಬೇಕೋ, ಬೀದ್ಯಾಗ ಆಗಬೇಕೋ, ಅಷ್ಟು ಹೇಳು."

ನಾನು ಎದ್ದು ಹೋಗಿ ಖೋಲಿಯ ಬೀಗ ತೆಗೆದೆ.

ಈ ವರ್ಷ ಪೋಲಿಯೋ ಹನಿ ಹಾಕುವ ಹುಡುಗಿ ಓಣಿಗೆ ಬಂದಾಗ ಶೀತಲಳ ಹೆಣ್ಣುಕೂಸು ಹೊನ್ನೇಶನ ಕಟ್ಟೆಯ ಮೇಲೆ ಕೂತು ಅವನ ಮೀಸೆ ಜಗ್ಗುತ್ತಿತ್ತು.

"ಕಾಕಾ, ಇಲ್ಲಿ ವಲಸಿ ಬಂದವ್ರ ಮನಿ ಯಾವುದ್ರಿ? ಅವ್ರದು ಬ್ಯಾರೆ ಪಟ್ಟಿ ಮಾಡಬೇಕು" ಎಂದು ಹನಿ ಹಾಕುವ ಹುಡುಗಿ ಹೊನ್ನೇಶನನ್ನು ಕೇಳಿದಳು.

ಹೊನ್ನೇಶ ಕೂಸನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡ. "ಈ ತುದಿಯಿಂದ ಬರಕೋತ ಹೋಗು, ತಂಗಿ. ಮೊದಲನೇದು ನಂದು."