ಜಿರಾಫೆಗೂ ಉಪಚಾರ

ನಮ್ಮ ಗ್ವಾಟೆಮಾಲಾದಲ್ಲಿ ಉಣ್ಣುವವರನ್ನು ಕಂಡರೆ 'ಚೆನ್ನಾಗಿ ಊಟ ಮಾಡಿ' ಎನ್ನದೆ ಯಾರೂ ಮುಂದೆ ಹೋಗುವುದಿಲ್ಲ. ದೋನ್ಯಾ ಎರ್ಮೆಲಿಂದಾ ಮಾತ್ರ ಅದನ್ನು ಸಫಾರಿಯ ಪ್ರಾಣಿಗಳಿಗೂ ಹೇಳುವ ಮಹಾತಾಯಿ. ಅಳಿಯ ಒಬ್ದೂಲಿಯೊನ ಕಾರಿನಲ್ಲಿ ಮುಂದಿನ ಸೀಟು ಅವರದೇ. ತೊಡೆಯ ಮೇಲೆ ಬಾಳೆಲೆಯಲ್ಲಿ ಕಟ್ಟಿದ ತಮಾಲೆ ಕಡುಬಿನ ಪಾತ್ರೆ, ಕಣ್ಣೆಲ್ಲ ಪೊದೆಯೊಳಗೆ. ಮೊಮ್ಮಕ್ಕಳು 'ಎಲ್ಲಿ, ಎಲ್ಲಿ' ಎನ್ನುವಷ್ಟರಲ್ಲಿ ಅವರಿಗೆ ಎಲೆಮರೆಯ ಜಿರಾಫೆ ಕಂಡು, ಕಿಟಕಿ ಇಳಿಸಿ, 'ನಿಧಾನಕ್ಕೆ ತಿನ್ನವ್ವಾ, ನೆತ್ತಿಗೆ ಹತ್ತೀತು' ಎಂದಾಗಿರುತ್ತದೆ. ನೀರಾನೆಗೆ ಎರಡು ಸಲ ಹೇಳುತ್ತಾರೆ, ಹೊಟ್ಟೆ ದೊಡ್ಡದಲ್ಲವೇ! ಸಿಂಹದ ಜಾಗದಲ್ಲಿ ಕಿಟಕಿ ತೆರೆಯುವಂತಿಲ್ಲ. ಗಾಜಿಗೆ ಬಾಯಿ ಹಚ್ಚಿ ಕೂಗುತ್ತಾರೆ. ಹಿಂದಿನ ಕಾರುಗಳು ಹಾರನ್ ಹೊಡೆಯುತ್ತವೆ. 'ಅತ್ತೆ, ಅದಕ್ಕೆ ನಿಮ್ಮ ಮಾತು ಬೇಡ, ನೀವೇ ಬೇಕು' ಎಂದು ಒಬ್ದೂಲಿಯೊ ರೇಗಿಸುತ್ತಾನೆ. 'ನೀನು ಸುಮ್ನೆ ನಿಲ್ಸಪ್ಪಾ. ಉಣ್ಣೋರನ್ನ ನೋಡೀನೂ ನೋಡದ ಹಾಗೆ ಹೋಗ್ತಾರಾ?' ಸಫಾರಿಯಿಂದ ಹೊರಬಂದು ಮರದಡಿ ಎಲ್ಲರಿಗೂ ಬಡಿಸಿ, ಎಲ್ಲರಿಗೂ ಅದೇ ಉಪಚಾರ ಹೇಳುತ್ತಾರೆ. ಮೊನ್ನೆ ಎಲ್ಲರೂ ಕೈ ತೊಳೆಯಲು ಹೋದಾಗ, ಮರೆತ ಕನ್ನಡಕಕ್ಕೆಂದು ಒಬ್ದೂಲಿಯೊ ಹಿಂದಿರುಗಿದ. ಅತ್ತೆ ಕಾರಿಗೆ ಒರಗಿ, ನಿಂತೇ, ಉಳಿದ ಒಂದು ತಮಾಲೆ ಬಿಚ್ಚಿ ತಿನ್ನುತ್ತಿದ್ದರು. ಇಷ್ಟು ವರ್ಷದಲ್ಲಿ ಅವರು ಉಣ್ಣುವುದನ್ನು ತಾನು ಕಂಡೇ ಇಲ್ಲವೆಂದು ಆಗ ಅವನಿಗೆ ಹೊಳೆಯಿತು. 'ಚೆನ್ನಾಗಿ ಊಟ ಮಾಡಿ, ಅತ್ತೆ' ಎಂದ. ಇಡೀ ಕಾಡಿಗೆ ಉಪಚಾರ ಹೇಳುವ ಆ ಬಾಯಿ ಕೆಮ್ಮತೊಡಗಿತು. ತುತ್ತು ನೆತ್ತಿಗೆ ಹತ್ತಿತ್ತು.