ಎಂಜಿನ್ ತಣ್ಣಗಾಗುವವರೆಗೆ ಹೊಸಬಾಳೆಯಲ್ಲಿ

ಬೆಳಿಗ್ಗೆ ಆರೂವರೆಗೆ ಶಿಕಾರಿಪುರದ ಬಸ್ ನಿಲ್ದಾಣಕ್ಕೆ ಹೋದಾಗ ಇಬ್ರಾಹಿಂ ಸಾಬರು ಆಗಲೇ ಬಂದು ಚಹಾ ಕುಡಿಯುತ್ತಾ ನಿಂತಿದ್ದರು. ಊರಿನಲ್ಲಿ ಮೂವತ್ತು ವರ್ಷದಿಂದ ಗ್ಯಾರೇಜ್ ನಡೆಸುತ್ತಿರುವ ಮನುಷ್ಯ. ಹಳೇ ಕಾರು ಕೊಳ್ಳಲು ಹೊರಟವರೆಲ್ಲ ಹೆಣ್ಣು ನೋಡಲು ಹಿರಿಯರನ್ನು ಕರೆದುಕೊಂಡು ಹೋಗುವ ಹಾಗೆ ಇವರನ್ನು ಕರೆದುಕೊಂಡು ಹೋಗುತ್ತಾರೆ. ಅವರ ಕೈಯಲ್ಲಿ ಒಂದು ಪುಟ್ಟ ಬ್ಯಾಟರಿ ದೀಪ ಮತ್ತು ಒಂದು ಬಿಳಿ ಕರವಸ್ತ್ರ ಬಿಟ್ಟರೆ ಏನೂ ಇರಲಿಲ್ಲ. "ಇಷ್ಟೇನಾ ಸಾಬ್ರೇ ನಿಮ್ಮ ಸಾಮಾನು?" ಎಂದೆ. "ಕಿವಿ ತಂದೀನಲ್ರೀ ಮೇಡಂ, ಸಾಕು" ಎಂದರು.

ಕೊಳ್ಳುವವಳು ನಾನು. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ನಾನು ಕಾರು ಓಡಿಸಲು ಕಲಿತದ್ದು ಐವತ್ತೊಂದನೇ ವಯಸ್ಸಿನಲ್ಲಿ. ಲೈಸೆನ್ಸ್ ಬಂದು ಎರಡು ವರ್ಷವಾದರೂ ಅದು ಪರ್ಸಿನೊಳಗೆ ಸುಖವಾಗಿ ಮಲಗಿತ್ತು. ಮನೆಯ ಕಾರು ನಮ್ಮ ಯಜಮಾನರದು. ಅಪರೂಪಕ್ಕೊಂದು ಭಾನುವಾರ ಕೀಲಿ ಕೈ ನನಗೆ ಕೊಟ್ಟು ಪಕ್ಕದಲ್ಲಿ ಕೂರುತ್ತಾರೆ, ಕೂತವರು ಮನೆಗೆ ವಾಪಸು ಬರುವವರೆಗೆ ಬಾಯಿ ಮುಚ್ಚುವುದಿಲ್ಲ. ನನಗೆ ನನ್ನದೇ ಒಂದು ಕಾರು ಬೇಕಿತ್ತು. ಗೀರು ಬಿದ್ದರೂ ಯಾರೂ ಮುಖ ಊದಿಸಿಕೊಳ್ಳದ ಹಳೇ ಕಾರು. ಸೊರಬ ತಾಲ್ಲೂಕಿನ ಹೊಸಬಾಳೆಯಲ್ಲಿ ಅಂಥದ್ದೊಂದಿದೆ, ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿ ಬಾಳಿದ ಜಪಾನ್ ಗಾಡಿ ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು. ಹೋಗುವುದು ಬಸ್ಸಿನಲ್ಲಿ, ಬರುವುದು ನಾನೇ ಓಡಿಸಿಕೊಂಡು ಎಂದು ಮನೆಯಲ್ಲಿ, ಸ್ಟಾಫ್ ರೂಮಿನಲ್ಲಿ, ತರಕಾರಿ ಅಂಗಡಿಯಲ್ಲಿ ಕೂಡ ಡಂಗುರ ಹೊಡೆದಿದ್ದೆ. ಮುಂಗಡದ ಚೆಕ್ಕನ್ನೂ ಬರೆದು ಬ್ಯಾಗಿನಲ್ಲಿಟ್ಟಿದ್ದೆ.

ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ನಲವತ್ತು ಕಿಲೋಮೀಟರ್ ಆಸುಪಾಸು. ಸರ್ಕಾರಿ ಬಸ್ಸಾದ್ದರಿಂದ ನನಗೆ ಶೂನ್ಯ ಟಿಕೆಟ್. ಸಾಬರು ಅರವತ್ತು ರೂಪಾಯಿ ಎಣಿಸಿ ಕೊಟ್ಟು, "ಈ ಕಾಲದಾಗ ಗಂಡಸಾಗಿ ಹುಟ್ಟೋದು ಬಾಳ ನುಕ್ಸಾನ್ ನೋಡ್ರೀ" ಎಂದು ನಕ್ಕರು. ಕೊಯ್ಲಿನ ಕಾಲ. ಚಳಿಗೆ ಕಿಟಕಿಯ ಗಾಜುಗಳೆಲ್ಲ ಮುಚ್ಚಿದ್ದವು, ಸೆರಗಿನಿಂದ ಒರೆಸಿದರೆ ಮಾತ್ರ ಹೊರಗಿನ ಗದ್ದೆ ಕಾಣುತ್ತಿತ್ತು.

ಈ ಚಳಿಯ ಬೆಳಗನ್ನು ಆರಿಸಿದವರು ಸಾಬರೇ. ಹಳೇ ಕಾರು ನೋಡುವುದಕ್ಕೆ ಅವರದೊಂದು ಕಟ್ಟಳೆ ಇದೆ. ರಾತ್ರಿಯೆಲ್ಲ ನಿಂತು ತಣ್ಣಗಾದ ಎಂಜಿನ್ನನ್ನು ಅವರ ಎದುರಿಗೇ ಮೊದಲ ಸಲ ಚಾಲೂ ಮಾಡಬೇಕು. "ತಣ್ಣನ್ ಗಾಡಿ ಸುಳ್ಳು ಹೇಳಂಗಿಲ್ರೀ ಮೇಡಂ. ಒಮ್ಮೆ ಬಿಸಿ ಆತಂದ್ರ ಎಂಥಾ ಮುದಿ ಎಂಜಿನ್ನೂ ಮದುಮಗನ ಹಂಗ ನಗತೈತಿ" ಎಂದರು. ಅದಕ್ಕಾಗಿಯೇ ಹಿಂದಿನ ದಿನ ನಾನು ಕಾರಿನ ಯಜಮಾನರಾದ ಬಸವರಾಜಪ್ಪನವರಿಗೆ ಫೋನ್ ಮಾಡಿ, ನಾವು ಬರುವವರೆಗೆ ಗಾಡಿ ಚಾಲೂ ಮಾಡಬೇಡಿ ಎಂದು ಎರಡೆರಡು ಸಲ ಹೇಳಿದ್ದೆ. ಅವರೂ "ಆಯ್ತು ಮೇಡಂ, ಆಯ್ತು" ಎಂದು ಎರಡೆರಡು ಸಲ ಒಪ್ಪಿದ್ದರು.

ದಾರಿ ಸಾಗಲೆಂದು ಸಾಬರಿಗೆ ಆ ಕಾರು ಮಾಡಿದ ಕಂಪನಿಯ ಕಥೆ ಹೇಳಿದೆ. ಹೆಸರು ಇಲ್ಲಿ ಬರೆಯುವುದಿಲ್ಲ, ಬರೆದರೆ ಪುಕ್ಕಟೆ ಜಾಹೀರಾತಾದೀತು. ಕಾರು ಕೊಳ್ಳುವ ಮೊದಲು ಅದರ ಕುಲಗೋತ್ರ ಓದುವುದು ಇತಿಹಾಸದ ಮೇಷ್ಟ್ರುಗಳ ಚಟ. ಆ ಕಂಪನಿ ಶುರುವಿನಲ್ಲಿ ಕಾರನ್ನಲ್ಲ, ಮಗ್ಗ ಮಾಡುತ್ತಿತ್ತು. ಯುದ್ಧ ಮುಗಿದು ಹತ್ತಿಯ ವ್ಯಾಪಾರ ನೆಲ ಕಚ್ಚಿದಾಗ ಮಗ್ಗ ಕೇಳುವವರಿಲ್ಲದೆ ಹೋಯಿತು. ಆ ಮನೆಯವರಲ್ಲೊಬ್ಬ ಮೀನು ಹಿಡಿಯುವ ಹುಚ್ಚಿನವನಂತೆ. ಎದುರುಗಾಳಿಗೆ ಸೈಕಲ್ ತುಳಿದು ತುಳಿದು ಸಾಕಾಗಿ, ಇದಕ್ಕೊಂದು ಎಂಜಿನ್ ಕೂರಿಸಿದರೆ ಹೇಗೆ ಎಂದು ಯೋಚಿಸಿದನಂತೆ. ಆ ಸೈಕಲ್ಲೇ ಬೆಳೆದು ಮೋಟಾರ್ ಸೈಕಲ್ಲಾಯಿತು, ಆಮೇಲೆ ಪುಟ್ಟ ಕಾರಾಯಿತು, ಕೊನೆಗೆ ನಮ್ಮ ದೇಶಕ್ಕೂ ಬಂತು.

ಸಾಬರು ತಲೆದೂಗಿದರು. "ಹಂಗಾರ ಮಗ್ಗದೋರ ಕೈಯಾಗ ಹುಟ್ಟಿದ್ದು ಅನ್ರೀ. ಅದಕ್ಕ ಆ ಎಂಜಿನ್ ಸಪ್ಪಳ ಅಷ್ಟು ಸಮ ಬರತೈತಿ" ಎಂದರು. ಯಾವ ಪುಸ್ತಕದಲ್ಲೂ ನನಗೆ ಈ ಮಾತು ಸಿಕ್ಕಿರಲಿಲ್ಲ.

ಮುಂದಿನ ಸೀಟಿನಲ್ಲಿ ಕೂತಿದ್ದ ಹಾರ್ಡ್‌ವೇರ್ ವ್ಯಾಪಾರಿಯೊಬ್ಬರು ತಡೆಯಲಾರದೆ ತಿರುಗಿದರು. "ಆ ಕಂಪನಿ ಗಾಡೀನಾ? ನಂದು ಎರಡನೇದು ರೀ. ತಗಡು ತೆಳು, ಖರೆ. ಬಾಗಲಾ ಹಾಕಿದ್ರ ಬಿಸ್ಕೀಟ್ ಡಬ್ಬಿ ಮುಚ್ಚಿದಂಗ ಸಪ್ಪಳ. ಆದ್ರ ಎಲ್ಲಿ ಕೆಟ್ಟು ನಿಂತ್ರೂ ಅಲ್ಲೇ ಸ್ಪೇರ್ ಸಿಗತೈತಿ, ಅಲ್ಲೇ ಮಾಡೋರೂ ಸಿಗ್ತಾರ. ಹೆಂಡ್ತಿ ಮುಂದ ಮರ್ಯಾದಿ ಹೋಗಂಗಿಲ್ಲ." ಹೀಗೆ ಕಾರನ್ನು ಹೊಗಳಿ ಹೊಗಳಿ ಶಿರಾಳಕೊಪ್ಪದಲ್ಲಿ ಇಳಿದು ಹೋದರು. ಅಷ್ಟು ಒಳ್ಳೆಯ ಕಾರು ಮನೆಯಲ್ಲಿಟ್ಟುಕೊಂಡು ಬಸ್ಸಿನಲ್ಲೇಕೆ ಓಡಾಡುತ್ತಾರೆ ಎಂದು ಕೇಳಬೇಕಿತ್ತೆಂದು ನನಗೆ ಆಮೇಲೆ ಹೊಳೆಯಿತು.

ಎಂಟು ಗಂಟೆಗೆ ಸೊರಬದಲ್ಲಿ ಇಳಿದೆವು. ಅಲ್ಲಿಂದ ಹೊಸಬಾಳೆಗೆ ಆಟೋ ಹಿಡಿಯುವುದೆಂದು ನಮ್ಮ ಲೆಕ್ಕಾಚಾರ. ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಎದುರಿಗೇ ಬಿಳಿಯ ಪುಟ್ಟ ಕಾರೊಂದು ನಿಂತಿತ್ತು. ಈಗಷ್ಟೇ ತೊಳೆದಿದ್ದಾರೆ, ಮುಂದೆ ಚೆಂಡು ಹೂವಿನ ಹಾರ, ಗಾಜಿನ ಮೇಲೆ ಮೂರು ಬೆರಳಿನ ವಿಭೂತಿ. ಅದರ ಪಕ್ಕದಲ್ಲಿ ದಪ್ಪ ಕನ್ನಡಕದ, ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಐವತ್ತೈದರ ಆಸುಪಾಸಿನ ಗೃಹಸ್ಥರು ಕೈ ಮುಗಿದು ನಿಂತಿದ್ದರು. ಅವರೇ ಬಸವರಾಜಪ್ಪ. ಒಂದು ಕಣ್ಣಿನ ದೃಷ್ಟಿ ಮಂದವಾಗಿ ಡಾಕ್ಟರು ಸ್ಟಿಯರಿಂಗ್ ಮುಟ್ಟಬೇಡಿ ಎಂದದ್ದರಿಂದ ಕಾರು ಮಾರಾಟಕ್ಕೆ ಬಂದದ್ದು. ಅವತ್ತು ತಮ್ಮನಾದ ನಾಗರಾಜನ ಕೈಲಿ ಓಡಿಸಿಕೊಂಡು ಬಂದಿದ್ದರು.

ಇಬ್ರಾಹಿಂ ಸಾಬರು ನೇರ ಹೋಗಿ ಬಾನೆಟ್ ಮೇಲೆ ಅಂಗೈ ಇಟ್ಟರು. ನನ್ನ ಕಡೆ ತಿರುಗಿ, "ಬಿಸಿ ಐತ್ರಿ" ಎಂದರು.

"ಅಲ್ಲ ಬಸವರಾಜಪ್ಪನವರೇ, ಚಾಲೂ ಮಾಡಬೇಡಿ ಅಂತ ಅಷ್ಟು ಹೇಳಿದ್ದೆನಲ್ಲ" ಎಂದೆ.

"ಹೇಳಿದ್ರಿ ಮೇಡಂ, ಇಲ್ಲ ಅನ್ನಲ್ಲ. ಆದ್ರೆ ಮನೇಲಿ ಕಾರಿಟ್ಕೊಂಡು, ಮನೆಗೆ ಬರೋರನ್ನ ಆಟೋದಲ್ಲಿ ಕರೆಸ್ಕೊಂಡ್ರೆ ನಾಕ್ ಜನ ಏನಂತಾರೆ ಮಾರಾಯ್ರೆ? ಹತ್ತಿ, ತಿಂಡಿ ತಣ್ಣಗಾಗುತ್ತೆ."

ಎಂಜಿನ್ ತಣ್ಣಗಿರಬೇಕು ಎಂದರೆ ತಿಂಡಿ ತಣ್ಣಗಾಗುತ್ತದೆ ಎನ್ನುವ ಮನುಷ್ಯನ ಹತ್ತಿರ ಏನು ವಾದ ಮಾಡುವುದು! ನನಗೆ ಸಿಟ್ಟೂ ಬಂತು, ನಗುವೂ ಬಂತು. ಬಸ್ಸಿಳಿದವರನ್ನು ಕರೆದೊಯ್ಯಲು ಕಾರು ತರುವುದು ಈ ಕಡೆಯವರಿಗೆ ಉಸಿರಾಡಿದಷ್ಟು ಸಹಜ, ನನ್ನ ಫೋನು ಅವರ ಕಿವಿಗೆ ಬಿದ್ದಿದ್ದರೂ ಮನಸ್ಸಿಗೆ ಇಳಿದಿರಲಿಲ್ಲ. ಹತ್ತಿ ಕೂತೆವು. ಕಾರು ಮದುಮಗನ ಹಾಗೆ ನಗುತ್ತಾ ಹೋಯಿತು, ಸಾಬರು ಮಾತ್ರ ನಗಲಿಲ್ಲ.

ಹೊಸಬಾಳೆಯ ಮನೆ ಮುಟ್ಟಿದ ಮೇಲೆ ಅವರು ತೀರ್ಪು ಕೊಟ್ಟರು. ಕಾರನ್ನು ಕಣದ ಬದಿಯ ನೆರಳಿಗೆ ತಳ್ಳಬೇಕು, ಬಾನೆಟ್ ತೆರೆದಿಡಬೇಕು, ನಾಲ್ಕು ಗಂಟೆಯವರೆಗೆ ಯಾರೂ ಮುಟ್ಟಕೂಡದು. "ಅಲ್ಲೀಮಟ ನಾನೂ ಏಳಂಗಿಲ್ಲ" ಎಂದು ಜಗಲಿಯ ಮೇಲೆ ಕಾಲು ಚಾಚಿದರು. ಬಸವರಾಜಪ್ಪನವರ ಮುಖ ಅರಳಿತು. "ಒಳ್ಳೇದಾಯ್ತು ಬಿಡಿ, ಊಟ ಮಾಡ್ಕೊಂಡೇ ಹೋದ ಹಾಗಾಯ್ತು" ಎಂದರು.

ಹೀಗೆ ಒಂದು ಎಂಜಿನ್ ಆರುವುದನ್ನು ಕಾಯುತ್ತಾ ಪೂರ್ತಿ ಒಂದು ಹಗಲು ಹೊಸಬಾಳೆಯಲ್ಲಿ ಕಳೆದೆ. ತಿಂಡಿಗೆ ಅಕ್ಕಿ ರೊಟ್ಟಿ, ಬದನೆಕಾಯಿ ಪಲ್ಯ, ಬೆಣ್ಣೆ. ಬಡಿಸಿದವರು ಬಸವರಾಜಪ್ಪನವರ ಹೆಂಡತಿ ಗಿರಿಜಮ್ಮ. ತೆಳ್ಳಗಿನ, ಚುರುಕು ಕಣ್ಣಿನ ಹೆಂಗಸು, ನನಗಿಂತ ನಾಲ್ಕೈದು ವರ್ಷ ಚಿಕ್ಕವರು. ನಾನೇ ಕಾರು ಓಡಿಸಿಕೊಂಡು ಹೋಗುತ್ತೇನೆ, ಕಲಿತದ್ದು ಐವತ್ತೊಂದಕ್ಕೆ ಎಂದಾಗ ಅವರ ಕೈಯಲ್ಲಿದ್ದ ರೊಟ್ಟಿ ಗಾಳಿಯಲ್ಲೇ ನಿಂತಿತು. ಆಮೇಲೆ ಅದು ನಾನು ಬೇಡವೆಂದರೂ ನನ್ನ ತಟ್ಟೆಗೇ ಬಿತ್ತು.

ಸಾಬರು ಕೂತಲ್ಲಿಂದಲೇ ವಿಚಾರಣೆ ಶುರು ಮಾಡಿದರು. ಕ್ಲಚ್ ಪ್ಲೇಟು ಯಾವಾಗ ಬದಲಿಸಿದ್ದು ಎಂದು ಬಸವರಾಜಪ್ಪನವರನ್ನು ಕೇಳಿದರೆ ಉತ್ತರ ಅಡಿಗೆಮನೆಯಿಂದ ಬಂತು. "ಹೋದ ವರ್ಷದ ಹಿಂದಿನ ವರ್ಷ, ಯುಗಾದಿ ಆಗಿ ಎಂಟು ದಿನಕ್ಕೆ."

"ಆಯಿಲ್?"

"ದೀಪಾವಳಿ ಮುಂದೆ" ಎಂದಿತು ಅಡಿಗೆಮನೆ.

ಬಸವರಾಜಪ್ಪ ಹೆಮ್ಮೆಯಿಂದಲೇ ವಿವರಿಸಿದರು. "ಇವಳು ಹದಿನಾಲ್ಕು ವರ್ಷ ಎಡಗಡೆ ಸೀಟಲ್ಲೇ ಕೂತೋಳು. ಏರು ಬಂತು ಅಂದ್ರೆ ನನಗಿಂತ ಮುಂಚೆ ಇವಳೇ 'ಎರಡನೇದಕ್ಕೆ ಹಾಕಿ' ಅಂತಾಳೆ. ಹಾಕದೇ ಇದ್ರೆ ಗಾಡಿ ನಿಂತೇ ಹೋಗುತ್ತೆ."

ಮಧ್ಯಾಹ್ನದ ಊಟವಾಗಿ, ಕಣದಲ್ಲಿ ಭತ್ತ ತೂರುವವರೂ ಮನೆಗೆ ಹೋದ ಮೇಲೆ ನಾನು ಜಗಲಿಯಿಂದ ಆ ಕಾರನ್ನೇ ನೋಡುತ್ತಾ ಕೂತೆ. ಒಂದೇ ಒಂದು ತಗ್ಗಿಲ್ಲ, ಸೀಟಿನ ಬಟ್ಟೆ ಹರಿದಿಲ್ಲ. ಒಳಗೊಳಗೇ ಅದು ನನ್ನದಾಗಿಬಿಟ್ಟಿತ್ತು. ಅದರಲ್ಲಿ ಒಬ್ಬಳೇ ಶಿವಮೊಗ್ಗಕ್ಕೆ ಹೋಗುವುದು, ದಾರಿಯಲ್ಲಿ ಬೇಕೆನಿಸಿದ ಕಡೆ ನಿಲ್ಲಿಸುವುದು, ಯಾರ ಸೂಚನೆಯೂ ಇಲ್ಲದೆ ತಿರುವು ತಿರುಗುವುದು, ಎಲ್ಲವನ್ನೂ ಮನಸ್ಸಿನಲ್ಲೇ ಮಾಡಿ ಮುಗಿಸಿದೆ. ಈ ವಯಸ್ಸಿನಲ್ಲಿ ಒಂದು ವಸ್ತುವಿಗೆ ಇಷ್ಟು ಆಸೆ ಪಟ್ಟೇನೆಂದು ನಾನೇ ಅಂದುಕೊಂಡಿರಲಿಲ್ಲ.

ನಾಲ್ಕಕ್ಕೆ ಸಾಬರು ಎದ್ದು ಎಂಜಿನ್ನಿನ ಮೇಲೆ ಅಂಗೈ ಇಟ್ಟು, "ಈಗ ಹೌದು" ಎಂದರು. ಬ್ಯಾಟರಿ ಹಿಡಿದು ಬಾನೆಟ್ ಒಳಗೆ ತಲೆ ತೂರಿಸಿದರು. ಕರವಸ್ತ್ರವನ್ನು ನನಗೆ ಕೊಟ್ಟು, ಹಿಂದೆ ಹೋಗಿ ಸೈಲೆನ್ಸರಿನ ಬಾಯಿಗೆ ಹಿಡಿಯಬೇಕು, ಅದು ಕಪ್ಪಾಗುತ್ತದೋ ಎಣ್ಣೆ ಹಿಡಿಯುತ್ತದೋ ನೋಡಬೇಕು ಎಂದರು. ನಾಗರಾಜ ಗದ್ದೆಗೆ ಹೋಗಿದ್ದ. ಬಸವರಾಜಪ್ಪ ಡಾಕ್ಟರ ಮಾತಿಗೆ ಹೆದರಿ ದೂರವೇ ನಿಂತಿದ್ದರು. "ಯಾರಾರ ಒಬ್ರು ಕೀಲಿ ತಿರುವ್ರೀ" ಎಂದು ಸಾಬರು ಕೂಗಿದಾಗ ಸೆರಗಿಗೆ ಕೈ ಒರೆಸಿಕೊಂಡು ಗಿರಿಜಮ್ಮ ಬಂದರು. ಬಲಗಡೆಯ ಬಾಗಿಲು ತೆಗೆದು ಕೂತರು. ಕೀಲಿ ತಿರುಗಿಸುವ ಮೊದಲು ಹೇಳಿದರು, "ಶುರುವಿಗೆ ಮೂರು ಸಲ ಟಕ್ ಟಕ್ ಅನ್ನುತ್ತೆ ಸಾಬ್ರೇ. ಆಮೇಲೆ ತಾನೇ ಸುಮ್ಮನಾಗುತ್ತೆ. ಅದು ಮೊದಲಿಂದಲೂ ಹಂಗೇ."

ಒಂದೇ ಸಲಕ್ಕೆ ಎಂಜಿನ್ ಹತ್ತಿತು. ಮೂರು ಸಲ ಟಕ್ ಎಂದಿತು, ಸುಮ್ಮನಾಯಿತು. ಸಾಬರು ತಲೆ ಹೊರಗೆ ತೆಗೆದು ಒಂದು ಗಳಿಗೆ ಗಿರಿಜಮ್ಮನನ್ನೇ ನೋಡಿದರು. "ತಂಗೀ, ನಿಮ್ಮ ಕಿವಿ ಮುಂದ ನಂದು ಏನೂ ಅಲ್ಲ ಬಿಡ್ರೀ" ಎಂದರು. ನನ್ನ ಕೈಯ ಕರವಸ್ತ್ರ ಬಿಳಿಯಾಗಿಯೇ ಇತ್ತು. "ಮೇಡಂ, ಕಣ್ಣು ಮುಚ್ಚಿ ತಗೋರಿ. ಇಂಥಾದ್ದು ಇನ್ನೊಂದು ಸಿಗಂಗಿಲ್ಲ."

ನಾನು ಬ್ಯಾಗಿಗೆ ಕೈ ಹಾಕಿ ಚೆಕ್ಕು ಹೊರಗೆ ತೆಗೆದೆ. ಗಿರಿಜಮ್ಮ ಇನ್ನೂ ಇಳಿದಿರಲಿಲ್ಲ. ಎಂಜಿನ್ ಓಡುತ್ತಿತ್ತು, ಅವರ ಎರಡೂ ಕೈ ಸ್ಟಿಯರಿಂಗ್ ಮೇಲೆ, ಬಿಸಿ ಪಾತ್ರೆಯನ್ನು ಮುಟ್ಟಿ ನೋಡುವವರ ಹಾಗೆ ಬೆರಳ ತುದಿ ಮಾತ್ರ ತಾಗಿಸಿಕೊಂಡಿದ್ದವು. ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು: "ಮೇಡಂ, ಐವತ್ತೊಂದಕ್ಕೆ ಕಲಿತೆ ಅಂದ್ರಲ್ಲ. ಕಾಲು ನಡುಗ್ತಿತ್ತಾ?"

ಬಹಳ ಕಷ್ಟಮ್ಮಾ, ನಮ್ಮಂಥವರಿಗಲ್ಲ ಎಂದಿದ್ದರೆ ಅವರು ಇಳಿದುಬಿಡುತ್ತಿದ್ದರು, ಕಾರು ನನ್ನದಾಗುತ್ತಿತ್ತು. ಆ ಸುಳ್ಳು ನಾಲಿಗೆಯ ತುದಿಗೆ ಬಂದದ್ದು ನಿಜ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

"ಮೊದಲನೇ ವಾರ ನಡುಗಿತು. ಆಮೇಲೆ ನಿಂತಿತು" ಎಂದೆ.

ಗಿರಿಜಮ್ಮ ಕಿಟಕಿಯಿಂದ ಗಂಡನ ಕಡೆ ನೋಡಿದರು. "ಏನ್ರೀ, ಇದನ್ನ ಕೊಡೋದು ಬೇಡ. ನಾನು ಕಲೀತೀನಿ."

ಬಸವರಾಜಪ್ಪ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ಇಷ್ಟು ವರ್ಷದಲ್ಲಿ ಒಂದು ಸಲಾನೂ ಹೇಳ್ಲಿಲ್ಲವಲ್ಲೇ!"

"ನೀವು ಒಂದು ಸಲಾನೂ ಕೇಳ್ಲಿಲ್ಲ."

ನನಗೆ ಸಣ್ಣಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ. ಇಡೀ ಹಗಲು ಕಾದು ಕಾಯಿಸಿಕೊಂಡ ಕಾರು ಕಣ್ಣೆದುರೇ ಕೈಜಾರಿತು. ಆದರೆ ಗಿರಿಜಮ್ಮನ ಮುಖ ನೋಡಿದ ಮೇಲೆ ಆ ಕಿಚ್ಚು ಆರಿಹೋಯಿತು. ಚೆಕ್ಕನ್ನು ಬ್ಯಾಗಿಗೆ ಹಾಕಿದೆ. ಗಿರಿಜಮ್ಮ ಕೂತ ಸೀಟನ್ನು ಸ್ವಲ್ಪ ಮುಂದೆ ಎಳೆಸಿ, ಕ್ಲಚ್ಚನ್ನು ಹಿಟ್ಟು ಒತ್ತುವಷ್ಟು ನಿಧಾನಕ್ಕೆ ಬಿಡುವುದು ಹೇಗೆಂದು ಅರ್ಧ ಗಂಟೆ ತೋರಿಸಿದೆ. ಕಾರು ನಾಲ್ಕು ಸಲ ಜಿಗಿದು ನಿಂತಿತು. ಐದನೇ ಸಲ ಹತ್ತು ಮಾರು ಹೋಯಿತು, ಗಿರಿಜಮ್ಮ ಕಿರುಚಿದ್ದು ಪಕ್ಕದ ಮನೆಗೂ ಕೇಳಿಸಿತು.

"ಬರಿಗೈಲಿ ಕಳಿಸ್ತಾ ಇದೀವಲ್ಲ ಮೇಡಂ" ಎಂದು ಬಸವರಾಜಪ್ಪ ನೊಂದುಕೊಂಡು ಅರ್ಧ ಚೀಲ ಹೊಸ ಅಕ್ಕಿ ಕಟ್ಟಿಸಿದರು. ಸಾಬರು ಅದನ್ನು ಹೆಗಲಿಗೇರಿಸಿಕೊಂಡು, "ಗಾಡಿ ತರಾಕ ಹೋಗಿ ಗಾಡಿ ಮ್ಯಾಗ ಹೇರೋ ಸಾಮಾನು ತಂದಂಗಾತು" ಎಂದು ಗೊಣಗಿದರು. ಹೊಸಬಾಳೆಗೆ ಸಂಜೆ ಮಾತ್ರ ಬರುವ ಐದೂವರೆಯ ಬಸ್ಸು ಹತ್ತಿದೆವು. ಮನೆಯಲ್ಲಿ, ಸ್ಟಾಫ್ ರೂಮಿನಲ್ಲಿ, ತರಕಾರಿ ಅಂಗಡಿಯಲ್ಲಿ ಏನು ಹೇಳಬೇಕೆಂದು ಯೋಚಿಸುತ್ತಾ ಕಿಟಕಿಯ ಪಕ್ಕ ಕೂತೆ.

ಬಸ್ಸು ಅವರ ಕಣವನ್ನು ಬಳಸಿಕೊಂಡೇ ಹೋಗುತ್ತದೆ. ತಿರುವಿನಲ್ಲಿ ಯಾರನ್ನೋ ಹತ್ತಿಸಿಕೊಳ್ಳಲು ಬಸ್ಸು ನಿಂತಾಗ ಆ ಬಿಳಿ ಕಾರು ಮತ್ತೆ ಕಂಡಿತು. ಹುಲ್ಲಿನ ಹೊರೆಗಳ ಹತ್ತಿರಕ್ಕೆ ಬಂದು ಗಕ್ಕನೆ ನಿಂತಿತು. ಎಡಗಡೆಯ ಬಾಗಿಲು ತೆರೆದು ಬಸವರಾಜಪ್ಪ ಇಳಿದರು. ಸುತ್ತಿಕೊಂಡು ಬಲಗಡೆಗೆ ಹೋಗಿ ಹೆಂಡತಿಯನ್ನು ಇಳಿಸುತ್ತಾರೆ, ಅಲ್ಲಿಗೆ ಮುಗಿಯಿತು ಎಂದುಕೊಂಡು ನಾನು ಕತ್ತು ಚಾಚಿದೆ. ಅವರು ಬಲಗಡೆಗೆ ಹೋಗಲಿಲ್ಲ. ಇಸ್ತ್ರಿ ಶರ್ಟಿನ ತೋಳು ಮೇಲೇರಿಸಿ, ಕಾರಿನ ಮುಂದಿದ್ದ ಹುಲ್ಲಿನ ಹೊರೆಗಳನ್ನು ಒಂದೊಂದಾಗಿ ಎತ್ತಿ ದೂರ ಹಾಕಿ, ಮತ್ತೆ ಬಂದು ಎಡಗಡೆಯ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು.