ಸತ್ಯವ್ವನ ಕರಟದ ಪಿಕ್ಕು

ಸತ್ಯವ್ವನ ಹತ್ತಿರ ಪಿಕ್ಕು ಕೊಳ್ಳಲು ಹೋದವರು ಒಂದಿಷ್ಟು ಬೈಸಿಕೊಂಡೇ ಬರಬೇಕು. ಗಿಟಾರು, ಮ್ಯಾಂಡೊಲಿನ್ನುಗಳ ತಂತಿ ಮೀಟಲು ಬೆರಳಲ್ಲಿ ಹಿಡಿಯುವ ಆ ಪುಟ್ಟ ಬಿಲ್ಲೆಯನ್ನು ಅವಳು ತೆಂಗಿನ ಕರಟದಿಂದ ಮಾಡುತ್ತಾಳೆ. ಗೋವಾದ ಮಡಗಾಂವದ ಮೋತಿ ಡೊಂಗರಿನಲ್ಲಿ, ತನ್ನ ಮನೆ ಮುಂದಿನ ಕಟ್ಟೆಯೇ ಅವಳ ಕಾರ್ಖಾನೆ. ಮೊದಲು ಪ್ರವಾಸಿಗರಿಗೆಂದು ಕರಟದ ಚಮಚ ಮಾಡುವ ಕಡೆ ಕೂಲಿಗಿದ್ದಳು. ಅಲ್ಲಿ ಪಳಗಿದ ಕೈ.

ನಾನು ಧಾರವಾಡದವನು, ಇಲ್ಲಿ ಬ್ಯಾಂಕ್ ನೌಕರಿ, ಗಿಟಾರಿನ ಹುಚ್ಚು. ಮೊದಲ ಸಲ ಹೋದಾಗ ಮಿರಮಿರ ಮಿಂಚುವ ಒಂದನ್ನು ಎತ್ತಿಕೊಂಡೆ.

"ಇಡ್ರಿ ಅದನ್ನ. ದಪ್ಪ ಐತಿ, ಮ್ಯಾಂಡೊಲಿನ್ನಿನ ಜೋಡಿ ತಂತಿಗೆ ಮಾಡಿದ್ದು. ಕಣ್ಣ ಮುಚ್ಚಿ ಒಂದೊಂದ ಬಾರಸ್ರಿ, ಕಿವಿನ ಆರಸ್ತೈತಿ."

ಎಲ್ಲರಿಗೂ ಅದೇ ಕಾಯಿದೆ. ಚೌಕಾಸಿ ಬೇಕಾದರೆ ಮಾಡಬಹುದು, ಕಣ್ಣು ತೆರೆಯುವಂತಿಲ್ಲ!

ಅವಳ ಮಗಳು ಹುಲಿಗೆಮ್ಮ ಕಾಲೇಜು ಹುಡುಗಿ, ಮ್ಯಾಂಡೊಲಿನ್ ಚಲೋ ನುಡಿಸುತ್ತಾಳೆ. ಈ ವರ್ಷ ಮೊದಲ ಸಲ ವೇದಿಕೆ ಹತ್ತುವುದಿತ್ತು. ಸತ್ಯವ್ವನ ಕಾಲು ನೆಲದ ಮೇಲಿರಲಿಲ್ಲ. "ಸ್ಟೇಜಿನ ಮ್ಯಾಲ ನನ್ನ ಪಿಕ್ಕಿನ ದನಿ ಕೇಳಬೇಕ್ರಿ" ಎಂದು ಓಣಿಗೆಲ್ಲ ಸಾರಿದಳು. ಅದಕ್ಕೆಂದೇ ಒಂದನ್ನು ವಾರಗಟ್ಟಲೆ ಉಜ್ಜಿ, ಎಣ್ಣೆ ಕುಡಿಸಿ ಇಟ್ಟಳು.

ಆರಿಸುವ ದಿನ ನಾನೂ ಅಲ್ಲಿದ್ದೆ. ಹುಲಿಗೆಮ್ಮ ಕಣ್ಣು ಮುಚ್ಚಿ ಡಬ್ಬಿಯಲ್ಲಿದ್ದ ಒಂದೊಂದನ್ನೇ ಬಾರಿಸಿ, "ಇದ ಬೇಕ ನೋಡವ್ವಾ" ಎಂದಳು. ಎಲ್ಲರೂ ನೋಡಿದೆವು. ಅದು ಸತ್ಯವ್ವನದಲ್ಲ! ಅವಳ ಗಂಡ ಲೋಕಪ್ಪ ಸೆಂಟ್ರಿಂಗ್ ಕೆಲಸದವನು. ಕೆಲಸವಿಲ್ಲದ ಒಂದು ದಿನ ಹೆಂಡತಿಯ ಪಕ್ಕ ಕೂತು ಹೊತ್ತು ಕಳೆಯಲು ತಿಕ್ಕಿದ್ದ ಸೊಟ್ಟ ಪಿಕ್ಕು ಅದು. ಆವತ್ತು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕು, ಅದನ್ನೂ ಡಬ್ಬಿಗೆ ಹಾಕಿದ್ದಳಂತೆ.

"ಬ್ಯಾಡ ಬಿಡವಾ, ನಿಮ್ಮವ್ವಂದ ತಗೋ" ಎಂದ ಲೋಕಪ್ಪ, ಪಾಪ, ಗಾಬರಿಯಾಗಿ.

"ಮತ್ತೊಮ್ಮೆ ಬಾರಸು" ಎಂದಳು ಸತ್ಯವ್ವ.

ಮತ್ತೆ ಅದೇ ಬಂತು. ಅವಳು ಮುಖ ಗಂಟು ಹಾಕಿಕೊಂಡು ಒಳಗೆ ಹೋದಳು. ಕಾಯಿದೆ ಊರವರಿಗಷ್ಟೇ, ಈಗ ಮಗಳ ಕೈಗೆ ತನ್ನದನ್ನೇ ತುರುಕುತ್ತಾಳೆ ಎಂದುಕೊಂಡೆ. ನನ್ನ ಲೆಕ್ಕ ತಪ್ಪಿತು. ಹೊರಬಂದವಳು ಆ ಸೊಟ್ಟ ಪಿಕ್ಕಿಗೆ ಎಣ್ಣೆ ಸವರಿ ಮಗಳಿಗೆ ಕೊಟ್ಟಳು.

ಕಾರ್ಯಕ್ರಮದ ಸಂಜೆ ಹುಲಿಗೆಮ್ಮ ನುಡಿಸಿದ್ದು ಕೊನೆಯ ಸಾಲಿನವರೆಗೂ ನಿಚ್ಚಳವಾಗಿ ಕೇಳಿತು. ಚಪ್ಪಾಳೆ ಮುಗಿಯುವ ಮೊದಲೇ ಅವಳಿಗೆ ಕಲಿಸುವ ಅಮೇಯ ಸರ್ ನಮ್ಮತ್ತ ಬಂದರು. "ಸತ್ಯವ್ವ, ಇಂಥ ಪಿಕ್ಕು ನಿಮ್ಮನ್ನು ಬಿಟ್ಟು ಇನ್ಯಾರು ಮಾಡ್ತಾರೆ?"

ಒಮ್ಮೆ ಗೋಣು ಹಾಕಿದ್ದರೆ ಸಾಕಿತ್ತು. ಅವಳು ಇಷ್ಟು ದಿನ ಕಾದ ಮಾತೇ ಅದು.

"ನಂದಲ್ರಿ ಸರ" ಎಂದಳು, ಸುತ್ತಲಿನವರು ತಿರುಗಿ ನೋಡುವಷ್ಟು ಜೋರಾಗಿ. "ನಮ್ಮ ಮನಿಯವ್ರು ಮಾಡ್ಯಾರ."

ಲೋಕಪ್ಪ ತಲೆ ತಗ್ಗಿಸಿ ಕೂತಿದ್ದ. ಸತ್ಯವ್ವ ಅವನ ರಟ್ಟೆ ಹಿಡಿದು ಎಳೆದಳು.

"ಎದ್ದ ನಿಂದರ್ರಿ. ಮಂದಿ ನೋಡ್ಲಿ."